ಮೀನಿನ ಮೈಮೇಲೆ ಚಿರೋಟಿ ರವೆ

ಮನೆಯಲ್ಲಿ ಮೀನು ಸಾಕುವುದು ಬಹಳ ಸುಲಭ ಎಂದು ಅನೇಕರು ತಿಳಿದಿದ್ದಾರೆ. ನಾಯಿಯ ಹಾಗೆ ಬೊಗಳುವುದಿಲ್ಲ, ಬೆಕ್ಕಿನ ಹಾಗೆ ಹಾಲಿನ ಪಾತ್ರೆಗೆ ಬಾಯಿ ಹಾಕುವುದಿಲ್ಲ. ದಿನಕ್ಕೆರಡು ಚಿಟಿಕೆ ಆಹಾರ ಉದುರಿಸಿದರೆ ಮುಗಿಯಿತು. ಇದೆಲ್ಲ ನಿಜವೇ. ಆದರೆ ಸೋದರಿಯರೇ, ಮೀನಿಗೂ ಕಾಯಿಲೆ ಬರುತ್ತದೆ. ಬಂದಾಗ ಅದು ಅಳುವುದಿಲ್ಲ, ನರಳುವುದಿಲ್ಲ. ನಾವೇ ನೋಡಿ ತಿಳಿದುಕೊಳ್ಳಬೇಕು. ತಿಳಿಯುವ ಹೊತ್ತಿಗೆ ಅರ್ಧ ತಡವಾಗಿರುತ್ತದೆ. ಆ ಗಾಬರಿಯಲ್ಲಿ ಅಂಗಡಿಗೆ ಓಡಿ ಕೈಗೆ ಸಿಕ್ಕ ಬಾಟಲಿ ತಂದು ಸುರಿಯುವುದೇ ಹೆಚ್ಚು. ಕಾಯಿಲೆಯಿಂದ ಸಾಯುವ ಮೀನಿಗಿಂತ ಮದ್ದಿನಿಂದ ಸಾಯುವ ಮೀನೇ ಹೆಚ್ಚೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಕ್ವೇರಿಯಂ ಇಟ್ಟವರಿಗೆ ಎಂದಾದರೊಂದು ದಿನ ಎದುರಾಗುವ ಬಿಳಿ ಚುಕ್ಕೆ ರೋಗದ ಬಗ್ಗೆ, ಅದನ್ನು ನಾವು ನಮ್ಮ ಮನೆಯಲ್ಲಿ ಹೇಗೆ ಓಡಿಸಿದೆವು ಎಂಬ ಬಗ್ಗೆ ನಾಲ್ಕು ಮಾತು ಬರೆಯೋಣವೆನಿಸಿತು. ಮೀನು ಸಾಕದವರು ಪುಟ ತಿರುವಿ ಅಡುಗೆಯ ಪುಟಕ್ಕೆ ಹೋಗಬಹುದು, ನನಗೇನೂ ಬೇಸರವಿಲ್ಲ!

ನಮ್ಮ ಮನೆ ಕೋಲಾರದಲ್ಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆ ನಮ್ಮದು. ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ ಕುಕ್ಕರಿನ ತಳಕ್ಕೆ ವಾರದೊಳಗೆ ಸುಣ್ಣ ಬಳಿದ ಹಾಗಾಗುತ್ತದೆ. ಇಂಥ ಊರಿನಲ್ಲಿ ಮೀನು ಸಾಕುವ ಶೋಕಿ ಯಾಕೆ ಅಂತ ಕೇಳಿದವರಿದ್ದಾರೆ. ಶೋಕಿಯಲ್ಲ, ನಮ್ಮ ಮಾವನವರಿಗಾಗಿ. ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಮೊದಲು ಮೇಷ್ಟ್ರಾಗಿದ್ದವರು. ಬಾಯಿ ತುಂಬ ಮಾತಾಡಿಕೊಂಡಿದ್ದವರು ಗೋಡೆ ನೋಡುತ್ತ ಕೂರುವುದನ್ನು ಕಂಡು ನಮ್ಮವರು ಹಾಲಿನಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದರು.

ಅದರಲ್ಲಿ ಎಂಟು ನಿಯಾನ್ ಟೆಟ್ರಾ, ನಾಲ್ಕು ಕೋರಿಡೋರಸ್ ಎಂಬ ಪುಟ್ಟ ಮೀಸೆ ಮೀನು, ಆರು ಜೀಬ್ರಾ ಲೋಚ್. ಈ ಲೋಚ್‌ಗಳೆಂದರೆ ಮಾವನವರಿಗೆ ಪ್ರಾಣ. ಹಳದಿ ಮೈಮೇಲೆ ಕಪ್ಪು ಗೆರೆ, ತುಟಿಯ ಸುತ್ತ ಚಿಕ್ಕ ಮೀಸೆ, ಕಲ್ಲಿನ ಸಂದಿಯಲ್ಲಿ ಒಂದರ ಮೇಲೊಂದು ಬಿದ್ದು ಮಲಗುವ ಸ್ವಭಾವ. ಇವು ದೂರದೇಶದ ಮೀನಲ್ಲ, ನಮ್ಮ ಮಲೆನಾಡಿನವೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ತುಂಗಾ ನದಿಯ ಈ ಮೀನನ್ನು ವಿವರಿಸಿ ಬೋಟಿಯಾ ಸ್ಟ್ರಯೇಟಾ ಎಂದು ಹೆಸರಿಟ್ಟರು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದಿಲ್ಲ. ಈಗ ಅಲ್ಲಿಯೂ ಕಡಿಮೆಯಾಗಿ, ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿ ಸೇರಿದೆ. ನಮ್ಮ ಮಾವನವರು ಹರೆಯದಲ್ಲಿ ತೀರ್ಥಹಳ್ಳಿ ಕಡೆ ಕೆಲವು ವರ್ಷ ಕೆಲಸ ಮಾಡಿದವರು. ತುಂಗೆಯ ಮೀನು ಎಂದು ಹೇಳಿದ ದಿನ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಂದಿನಿಂದ ಬೆಳಿಗ್ಗೆ ಕಾಫಿಯಾದ ಮೇಲೆ ತೊಟ್ಟಿಯ ಮುಂದೆ ಕೂತು ಲೋಚ್‌ಗಳನ್ನು ಎಣಿಸಿ, ಎಡಗೈ ಬೆರಳು ಎತ್ತಿ ತೋರಿಸುವುದು ಅವರ ನಿತ್ಯದ ಪಾಠ. ಐದು ಬೆರಳು ತೋರಿಸಿ, ಮಡಚಿ, ಮತ್ತೆ ಒಂದು. ಆರು. ನಾವು "ಸರಿ ಮಾವ" ಅನ್ನಬೇಕು. ಮಾತು ಹೋದ ಮೇಲೆ ದಿನಕ್ಕೊಮ್ಮೆ ಅವರಾಗಿಯೇ ನಮಗೆ ಹೇಳುತ್ತಿದ್ದ ಸಮಾಚಾರ ಅದೊಂದೇ.

ರೋಗ ಬಂದದ್ದು ಧನುರ್ಮಾಸದ ಚಳಿಯಲ್ಲಿ. ಮಾಲೂರಿನಿಂದ ನಮ್ಮ ಅಣ್ಣನ ಮಗ ರಜೆಗೆ ಬಂದ. ಬರಿಗೈಯಲ್ಲಿ ಬರಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಗಪ್ಪಿ ಮೀನು ತಂದಿದ್ದ. ನಾನು ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಕಾವಲಿ ಇಳಿಸಿ ಬರುವಷ್ಟರಲ್ಲಿ ಮಕ್ಕಳೆಲ್ಲ ಸೇರಿ ಕವರನ್ನು ನೀರು ಸಮೇತ ತೊಟ್ಟಿಗೆ ಸುರಿದು ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಹುಡುಗನ ಪ್ರೀತಿ ದೊಡ್ಡದು. ಆದರೆ ಆ ಪ್ರೀತಿಯ ಜೊತೆ ಬಂದವರು ಬೇರೆ ಇದ್ದರು. ಎಂಟನೆಯ ದಿನ ನಿಯಾನ್ ಮೀನಿನ ಬಾಲದ ಮೇಲೆ ಎರಡು ಬಿಳಿ ಕಾಳು ಕಾಣಿಸಿತು.

ಗುರುತು ಹಿಡಿಯುವುದು ಹೇಗೆ?

ಮೀನಿನ ಮೈಮೇಲೆ, ಈಜುರೆಕ್ಕೆಯ ಮೇಲೆ ಯಾರೋ ಚಿರೋಟಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಒಂದೊಂದೂ ಬಿಡಿಬಿಡಿ, ಹೆಚ್ಚೆಂದರೆ ಒಂದು ಮಿಲಿಮೀಟರು. ಚುಕ್ಕೆ ಕಾಣುವ ಮೊದಲೇ ಮೀನು ಸೂಚನೆ ಕೊಡುತ್ತದೆ. ಕಲ್ಲಿಗೆ, ಗಿಡಕ್ಕೆ ಮೈ ಉಜ್ಜಿಕೊಳ್ಳುತ್ತದೆ. ರೆಕ್ಕೆ ಬಿಚ್ಚದೆ ಮುದುಡಿಕೊಂಡಿರುತ್ತದೆ. ಗಾಳಿಗುಳ್ಳೆ ಏಳುವ ಕಡೆ ಹೋಗಿ ನಿಂತು ಕಿವಿರನ್ನು ಪಟಪಟ ಬಡಿಯುತ್ತದೆ. ಕಿವಿರಿಗೆ ಹುಳು ಹತ್ತಿದ್ದರೆ ಮೈಮೇಲೆ ಒಂದು ಚುಕ್ಕೆಯೂ ಕಾಣದೆ ಮೀನು ಸಾಯುವುದುಂಟು.

ಬಿಳಿ ಕಂಡದ್ದೆಲ್ಲ ಈ ರೋಗವಲ್ಲ. ಗಂಡು ಗೋಲ್ಡ್‌ಫಿಷ್‌ಗೆ ಮರಿಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಬಿಳಿ ಮೊಡವೆ ಏಳುತ್ತದೆ, ಅದು ಪ್ರಾಯದ ಗುರುತು, ಮದ್ದು ಬೇಡ. ರವೆಗಿಂತ ನುಣ್ಣಗೆ, ಅರಿಶಿನದ ಪುಡಿ ದೂಳಾಡಿಸಿದ ಹಾಗೆ ಹೊಂಬಣ್ಣ ಕಂಡರೆ ಅದು ವೆಲ್ವೆಟ್ ಎಂಬ ಇನ್ನೊಂದು ರೋಗ. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಹತ್ತಿಯಂತೆ ಕುಚ್ಚು ಬೆಳೆದಿದ್ದರೆ ಅದು ಬೂಷ್ಟು.

ಕಾಣುವ ಚುಕ್ಕೆಗೆ ಮದ್ದಿಲ್ಲ

ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು ಒಂದೇ: ಕಣ್ಣಿಗೆ ಕಾಣುವ ಚುಕ್ಕೆಗೆ ಮದ್ದಿಲ್ಲ, ಕಾಣದ ಹುಳುವಿಗೆ ಮಾತ್ರ ಮದ್ದು. ಇದು ತಿಳಿಯದೆಯೇ ಅರ್ಧ ಮೀನುಗಳು ಸಾಯುವುದು.

ಈ ರೋಗ ತರುವುದು ಒಂದೇ ಕೋಶದ ಒಂದು ಪರೋಪಜೀವಿ. 1876ರಲ್ಲಿ ಫ್ರಾನ್ಸಿನ ಫುಕೆ ಎಂಬ ವಿಜ್ಞಾನಿ ಇದನ್ನು ವಿವರಿಸಿ ಇಟ್ಟ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್. ಬಾಯಿ ತಿರುಗದಿದ್ದರೆ ಬಿಡಿ, ಅರ್ಥ ಮಾತ್ರ ಚೆನ್ನಾಗಿದೆ. ಬಹುಸಂತಾನದ ಮೀನುಹೇನು ಎಂದು!

ಇದರ ಬಾಳುವೆ ಮೂರು ಘಟ್ಟದ್ದು. ಮೊದಲು ಮೀನಿನ ತೆಳು ಚರ್ಮದ ಅಡಿಗೆ ನುಗ್ಗಿ ಅಲ್ಲೇ ತಿಂದುಂಡು ದಪ್ಪಗಾಗುತ್ತದೆ. ನಮಗೆ ಚುಕ್ಕೆಯಾಗಿ ಕಾಣುವುದು ಇದೇ. ಮೇಲೆ ಮೀನಿನ ಚರ್ಮವೇ ಕಂಬಳಿಯಂತೆ ಮುಚ್ಚಿರುವುದರಿಂದ ನೀರಿಗೆ ಹಾಕಿದ ಮದ್ದು ಅದಕ್ಕೆ ತಾಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿ ಕೆಳಕ್ಕೆ ಬೀಳುತ್ತದೆ. ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು ಗೂಡು ಕಟ್ಟಿಕೊಂಡು ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ನೂರಾರು ಮರಿಗಳಾಗುತ್ತದೆ. ಒಂದು ಗೂಡಿನಿಂದ ಸಾವಿರದವರೆಗೂ ಮರಿ ಹೊರಬರಬಹುದು. ಗೂಡಿನೊಳಗಿದ್ದಾಗಲೂ ಮದ್ದು ನಾಟದು. ಗೂಡು ಒಡೆದು ಮರಿಗಳು ಮೀನು ಹುಡುಕಿಕೊಂಡು ನೀರಿನಲ್ಲಿ ಈಜಾಡುವ ಒಂದೆರಡು ದಿನ ಇದೆಯಲ್ಲ, ಆಗ ಮಾತ್ರ ಅವು ನಮ್ಮ ಕೈಗೆ ಸಿಗುವುದು. ಅಷ್ಟರೊಳಗೆ ಮೀನು ಸಿಗದಿದ್ದರೆ ತಾವೇ ಸಾಯುತ್ತವೆ.

ಈ ಸುತ್ತು ಮುಗಿಯಲು ಎಷ್ಟು ದಿನ ಬೇಕು ಎನ್ನುವುದು ನೀರಿನ ಕಾವಿನ ಮೇಲೆ ಹೋಗುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ಒಂದು ವಾರದೊಳಗೆ ಮುಗಿದರೆ, ನೀರು ತಣ್ಣಗಿದ್ದಷ್ಟೂ ವಾರಗಟ್ಟಲೆ ಎಳೆಯುತ್ತದೆ.

ನಮ್ಮ ನಾದಿನಿಯ ಮನೆ ಮುಳಬಾಗಿಲಿನಲ್ಲಿ. ನಮ್ಮ ತೊಟ್ಟಿಯ ಸುದ್ದಿ ಕೇಳಿ ಫೋನು ಮಾಡಿ ತನ್ನ ಕಥೆ ಹೇಳಿಕೊಂಡಳು. ಅವಳ ತೊಟ್ಟಿಗೂ ಹಿಂದೊಮ್ಮೆ ಇದೇ ರೋಗ ಬಂದಿತ್ತು. ಬಾಟಲಿಯ ಮೇಲೆ ಬರೆದಷ್ಟೂ ಪೂರ್ತಿ ಮದ್ದು ಹಾಕಿದಳು. ಅವತ್ತು ರಾತ್ರಿಯೇ ಅವಳ ಎರಡು ಲೋಚ್ ಹೋದವು. ಮೂರನೆಯ ದಿನ ಉಳಿದ ಮೀನುಗಳ ಮೈಮೇಲಿನ ಚುಕ್ಕೆಗಳೆಲ್ಲ ಮಾಯ. ಸದ್ಯ ಗೆದ್ದೆ ಎಂದು ಮದ್ದು ನಿಲ್ಲಿಸಿದಳು. "ವಾರ ಕಳೆಯೋಷ್ಟರಲ್ಲಿ ಒಂದು ಚುಕ್ಕೆ ಇದ್ದ ಕಡೆ ಐವತ್ತು ಬಂತು ಅತ್ತಿಗೆ, ಒಂದು ಮೀನೂ ಉಳೀಲಿಲ್ಲ" ಎಂದಳು. ಮೊದಲ ಸಲ ಚುಕ್ಕೆ ಹೋದದ್ದು ಮದ್ದಿನಿಂದಲ್ಲ. ಹುಳು ತಾನಾಗಿ ಕಳಚಿ ಕೆಳಗೆ ಗೂಡು ಕಟ್ಟುತ್ತಿತ್ತು. ಚುಕ್ಕೆ ಹೋದ ದಿನ ರೋಗ ಹೋಯಿತು ಎನ್ನುವುದು, ಜ್ವರ ಇಳಿದ ದಿನವೇ ಮಗುವಿಗೆ ಮಾತ್ರೆ ನಿಲ್ಲಿಸಿದ ಹಾಗೆ.

ಸೂಕ್ಷ್ಮ ಮೀನುಗಳ ಫಜೀತಿ

ಬರೀ ಗೋಲ್ಡ್‌ಫಿಷ್ ಇದ್ದಿದ್ದರೆ ಇಷ್ಟು ಯೋಚನೆ ಇರಲಿಲ್ಲ. ಹಲವು ಜಾತಿ ಒಟ್ಟಿಗಿರುವ ತೊಟ್ಟಿಯೆಂದರೆ ಕೂಡು ಕುಟುಂಬ ಇದ್ದ ಹಾಗೆ, ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಲೋಚ್‌ಗಳಿಗೆ ಹುರುಪೆ ಬಹಳ ಚಿಕ್ಕದು, ಚರ್ಮದೊಳಗೆ ಹೂತುಕೊಂಡಿರುತ್ತದೆ. ಹಾಗಾಗಿ ನೀರಿನಲ್ಲಿರುವ ಮದ್ದು ಅವಕ್ಕೆ ಬೇಗ ಏರುತ್ತದೆ. ಮೀಸೆ ಮೀನುಗಳೂ ಹಾಗೆಯೇ. ನಿಯಾನ್ ಟೆಟ್ರಾಗಳಿಗೆ ಈ ರೋಗದ ಮದ್ದುಗಳಲ್ಲಿರುವ ಮೆಲಾಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಅಷ್ಟಾಗಿ ಆಗದು. ತಾಮ್ರ ಸೇರಿದ ಮದ್ದಾದರೆ ಬಸವನಹುಳು, ಸಿಗಡಿಗಳು ಉಳಿಯುವುದೇ ಇಲ್ಲ.

ನಾನು ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಒಂದು ಮುಚ್ಚಳ ಹಾಕಿ ಮೇಡಂ, ಎಲ್ಲ ಸರಿಹೋಗುತ್ತೆ" ಎಂದರು. "ಎಷ್ಟು ಲೀಟರಿಗೆ ಒಂದು ಮುಚ್ಚಳ?" ಎಂದೆ. "ಅದಕ್ಕೆಲ್ಲ ಲೆಕ್ಕ ಏನಿಲ್ಲ" ಎಂದರು. ಲೆಕ್ಕವಿಲ್ಲದ ಮದ್ದು ನನಗೆ ಬೇಡವೆಂದು ಬಂದುಬಿಟ್ಟೆ.

ಲೆಕ್ಕ ಕಷ್ಟವೇನಲ್ಲ. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು ಸಿಗುತ್ತದೆ. ನಮ್ಮದು 90, 30, 45. ಸುಮಾರು 121 ಲೀಟರು. ಕಲ್ಲು, ಮೇಲಿನ ಖಾಲಿ ಜಾಗ ಕಳೆದು 100 ಎಂದಿಟ್ಟುಕೊಂಡೆವು. ಈ ಲೆಕ್ಕವನ್ನು ಕಾಯಿಲೆ ಬರುವ ಮೊದಲೇ ಮಾಡಿ ತೊಟ್ಟಿಯ ಹಿಂದೆ ಚೀಟಿ ಅಂಟಿಸಿಡಿ.

ನಮ್ಮ ಮನೆಯ ಹದಿನಾರು ದಿನ

ಬಾಟಲಿ ಮದ್ದನ್ನು ಕೊನೆಗೆ ಇಟ್ಟುಕೊಂಡು ಕಾವು, ಉಪ್ಪು, ಶುಚಿ ಈ ಮೂರರಿಂದಲೇ ಶುರು ಮಾಡೋಣವೆಂದು ನಾನೂ ನಮ್ಮವರೂ ನಿರ್ಧರಿಸಿದೆವು. ಒಂದು ಮೀನಿನ ಮೈಮೇಲೆ ಚುಕ್ಕೆ ಕಂಡರೂ ಇಡೀ ತೊಟ್ಟಿಗೆ ರೋಗವೆಂದೇ ಅರ್ಥ. ಆ ಒಂದನ್ನು ತೆಗೆದು ಬೇರೆ ಇಡುವುದರಿಂದ ಪ್ರಯೋಜನವಿಲ್ಲ.

ಮೊದಲನೆಯದು ಕಾವು. ಚಳಿಗೆ ನೀರು 20 ಡಿಗ್ರಿಗೆ ಇಳಿದಿತ್ತು. 100 ವಾಟಿನ ಹೀಟರ್ ಹಾಕಿ, ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ 30 ಡಿಗ್ರಿಗೆ ಏರಿಸಿದೆವು. ಒಂದೇ ಏಟಿಗೆ ಏರಿಸಿದರೆ ಕಾವಿನಿಂದಲೇ ಮೀನು ಬಳಲುತ್ತದೆ. ಬಿಸಿಯಲ್ಲಿ ಹುಳುವಿನ ಸುತ್ತು ಬೇಗ ಬೇಗ ತಿರುಗಿ, ನಮ್ಮ ಕೈಗೆ ಸಿಗುವ ಘಟ್ಟಕ್ಕೆ ಬೇಗ ಬರುತ್ತದೆ. 30ರ ಹತ್ತಿರ ಸಾಮಾನ್ಯವಾಗಿ ಅದರ ಸಂತಾನ ಬೆಳೆಯುವುದೂ ನಿಲ್ಲುತ್ತದೆ. ಆದರೆ ಕೆಲವು ತಳಿಗಳು ಈ ಬಿಸಿಗೂ ಜಗ್ಗುವುದಿಲ್ಲ, ಆದ್ದರಿಂದ ಕಾವೊಂದನ್ನೇ ನಂಬಬಾರದು. ಇನ್ನೊಂದು ಮಾತು, ಬಿಸಿ ನೀರಿನಲ್ಲಿ ಪ್ರಾಣವಾಯು ಕಡಿಮೆ. ಹೊಳೆಯ ಮೀನಾದ ಲೋಚ್‌ಗೆ ಅದು ಸಹಿಸದು. ಅದಕ್ಕೆ ಎರಡನೆಯ ಗಾಳಿ ಪಂಪು ಹಾಕಿದೆವು. ಅದೂ ಬ್ಯಾಟರಿಯದು, ಕರೆಂಟು ನಮ್ಮನ್ನು ಕೇಳಿ ಹೋಗುವುದಿಲ್ಲವಲ್ಲ! ಪಂಪು ಇಲ್ಲದವರು ಕರೆಂಟು ಹೋದಾಗ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತಿ ಹೊಯ್ಯುತ್ತಿದ್ದರೂ ಸಾಕು. ತೊಟ್ಟಿಗೆ ಕೈ ಹಾಕುವ ಮುನ್ನ ಹೀಟರಿನ ಪ್ಲಗ್ ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಎರಡನೆಯದು ಉಪ್ಪು. ಸೂಕ್ಷ್ಮ ಮೀನುಗಳಿರುವುದರಿಂದ ಲೀಟರಿಗೆ ಒಂದೇ ಗ್ರಾಂ. ನಮ್ಮ ತೊಟ್ಟಿಗೆ ನೂರು ಗ್ರಾಂ ಕಲ್ಲುಪ್ಪು. ಅದನ್ನೂ ನಾಲ್ಕು ಪಾಲು ಮಾಡಿ, ಪ್ರತಿ ಪಾಲನ್ನು ತೊಟ್ಟಿಯ ನೀರಿನಲ್ಲೇ ಕರಗಿಸಿ, ಎರಡು ದಿನದಲ್ಲಿ ಹಾಕಿದೆವು. ಹರಳು ಹರಳಾಗಿ ಎಸೆದರೆ ತಳದಲ್ಲಿರುವ ಲೋಚ್‌ನ ಮೈ ಸುಡುತ್ತದೆ.

ಮೂರನೆಯದು ಶುಚಿ. ಇದೇ ದೊಡ್ಡ ಮದ್ದು ಎಂದು ನನ್ನ ಅಭಿಪ್ರಾಯ. ಗೂಡುಗಳೆಲ್ಲ ತಳದ ಕಲ್ಲುಗಳಲ್ಲಿ ತಾನೇ ಇರುವುದು? ದಿನಾ ಒಂದು ಪೈಪಿನಿಂದ ತಳದ ಕಸ ಎಳೆದು 20 ಲೀಟರು ನೀರು ತೆಗೆದು ಅಷ್ಟೇ ಹೊಸ ನೀರು. ಹೊಸ ನೀರಿಗೆ 20 ಗ್ರಾಂ ಉಪ್ಪು. ಆ ನೀರಿನ ಕಾವು ತೊಟ್ಟಿಯ ಕಾವಿಗೆ ಸಮನಾಗಿರಬೇಕು. ನಮ್ಮ ಬೋರ್ ನೀರು ನಿಯಾನ್‌ಗೆ ಗಡಸಾದ್ದರಿಂದ ನಾವು ಮೊದಲಿನಿಂದಲೂ ಬೀದಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನು ಅರ್ಧಕ್ಕರ್ಧ ಬೆರೆಸುತ್ತೇವೆ. ಕಾಯಿಲೆಯಲ್ಲೂ ಅದೇ ಪಾಕ. ಕಾಯಿಲೆ ಬಂತೆಂದು ನೀರನ್ನೇ ಬದಲಾಯಿಸಿಬಿಟ್ಟರೆ ಒಂದರ ಮೇಲೊಂದು ಪೆಟ್ಟು. ನಲ್ಲಿ ನೀರು ಬಳಸುವವರು ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ಬಳಸಿ.

ಇಡೀ ತೊಟ್ಟಿಯನ್ನು ಬರಿದು ಮಾಡಿ ಬಿಸಿನೀರಿನಲ್ಲಿ ತೊಳೆದುಬಿಡು ಎಂದರು ನೆರೆಮನೆಯವರು. ಮಾಡಲಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ಮೀನಿನ ಕಸವನ್ನು ತಿಂದು ನೀರು ಹಸನು ಮಾಡುವ ಒಳ್ಳೆಯ ಸೂಕ್ಷ್ಮಜೀವಿಗಳಿರುತ್ತವೆ. ಮೊಸರಿನ ಹೆಪ್ಪಿನ ಹಾಗೆ, ಅದನ್ನು ಕಳೆದುಕೊಂಡರೆ ಮತ್ತೆ ಕೂಡಿಸುವುದು ಕಷ್ಟ. ಸ್ಪಂಜು ಹಿಂಡಬೇಕಾದರೂ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೂರನೆಯ ದಿನ ಎರಡು ನಿಯಾನ್ ಹೋದವು. ನಾಲ್ಕನೆಯ ದಿನ ಬೆಳಗಾಗ ಒಂದು ಲೋಚ್ ಕಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಮಾವನವರು ಇನ್ನೂ ಎದ್ದಿರಲಿಲ್ಲ. ನಮ್ಮವರು ಮೆಲ್ಲಗೆ, "ಇವತ್ತೇ ಬೆಂಗಳೂರಿಗೆ ಹೋಗಿ ಅಂಥದ್ದೇ ಒಂದು ತಂದುಬಿಡ್ತೀನಿ, ಅಪ್ಪನಿಗೆ ಗೊತ್ತಾಗೋದು ಬೇಡ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ವೈದ್ಯರು ಮಾವನವರಿಗೆ ಯಾವ ಆಘಾತವೂ ಆಗಬಾರದು ಎಂದಿದ್ದರು. ಆದರೆ ಹುಳು ತುಂಬಿದ ತೊಟ್ಟಿಗೆ ಹೊಸ ಮೀನು ಬಿಟ್ಟರೆ ಅದನ್ನೂ ಬಲಿ ಕೊಟ್ಟ ಹಾಗೆ. ಅದಕ್ಕಿಂತ ಹೆಚ್ಚಾಗಿ, ಮಾತು ಬಾರದವರೆಂದು ಅವರಿಗೆ ಸುಳ್ಳು ತೋರಿಸಲು ನನಗೆ ಮನಸ್ಸಾಗಲಿಲ್ಲ. ದಿನಾ ಎಣಿಸಿ ನಮಗೆ ಲೆಕ್ಕ ಒಪ್ಪಿಸುವವರು ಅವರು. ಆ ಲೆಕ್ಕವನ್ನೇ ನಾವು ತಿದ್ದಿಬಿಟ್ಟರೆ ಅವರ ಬೆರಳಿಗೇನು ಬೆಲೆ?

ಕಾಫಿ ಕೊಟ್ಟು ಪಕ್ಕದಲ್ಲಿ ಕೂತು ಹೇಳಿದೆ. "ಮಾವ, ಮೀನಿಗೆ ಕಾಯಿಲೆ. ಒಂದು ಹೋಯ್ತು. ಉಳಿದದ್ದಕ್ಕೆ ನೋಡ್ತಾ ಇದ್ದೀವಿ." ಅವರು ಬಹಳ ಹೊತ್ತು ತೊಟ್ಟಿ ನೋಡಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಎಡಗೈ ಎತ್ತಿ ಐದು ಬೆರಳು ತೋರಿಸಿದರು. ಅವತ್ತಿನಿಂದ ಅವರ ಕೆಲಸ ಹೆಚ್ಚಿತು. ಮೈ ಉಜ್ಜಿಕೊಳ್ಳುವ ಮೀನು ಕಂಡರೆ ಕುರ್ಚಿಯ ಕೈ ತಟ್ಟಿ ಕರೆಯುವುದು, ಥರ್ಮಾಮೀಟರಿನ ಕೆಂಪು ಗೆರೆ ಇಳಿದರೆ ತೋರಿಸುವುದು. ಒಂದು ರಾತ್ರಿ ಕರೆಂಟು ಹೋದಾಗ ನಾವೆಲ್ಲ ನಿದ್ದೆಯಲ್ಲಿದ್ದೆವು, ಕುರ್ಚಿಯ ಕೈ ಬಡಿದು ಎಬ್ಬಿಸಿದವರು ಅವರೇ.

ಏಳನೆಯ ದಿನ ಚುಕ್ಕೆಗಳು ಹೋದವು. ಮಕ್ಕಳು ಕುಣಿದಾಡಿದರು. ನಮ್ಮವರು ಹೀಟರು ಆರಿಸಲು ಕೈ ಚಾಚಿದರು. ಬೇಡವೆಂದೆ. ಮುಳಬಾಗಿಲಿನ ಕಥೆ ನೆನಪಿತ್ತಲ್ಲ! ಚುಕ್ಕೆ ಹೋದ ಮೇಲೂ ಒಂಬತ್ತು ದಿನ ಅದೇ ಕಾವು, ಅದೇ ಉಪ್ಪು, ಅದೇ ತಳ ಶುಚಿ. ಹದಿನಾರನೆಯ ದಿನ ನಿಲ್ಲಿಸಿ, ದಿನಕ್ಕೊಂದು ಡಿಗ್ರಿಯಂತೆ 25ಕ್ಕೆ ಇಳಿಸಿ, ಉಪ್ಪಿಲ್ಲದ ನೀರು ಬೆರೆಸುತ್ತ ಉಪ್ಪನ್ನು ತೆಗೆದೆವು. ಮತ್ತೆ ಚುಕ್ಕೆ ಬರಲಿಲ್ಲ. ಐದು ಲೋಚ್, ಆರು ನಿಯಾನ್, ನಾಲ್ಕೂ ಮೀಸೆ ಮೀನು, ಮಾಲೂರಿನ ನಾಲ್ಕು ಗಪ್ಪಿ ಉಳಿದವು.

ಬಾಟಲಿ ಮದ್ದು ಬೇಕೇ ಆದರೆ

ನಾಲ್ಕೈದು ದಿನದಲ್ಲಿ ರೋಗ ಹತೋಟಿಗೆ ಬಾರದೆ ಏರುತ್ತಲೇ ಇದ್ದರೆ ಬಾಟಲಿ ಮದ್ದು ಹಾಕದೆ ಗತಿಯಿಲ್ಲ. ಆಗ ಈ ಕೆಲವು ಮಾತು ನೆನಪಿಡಿ. ಮದ್ದು ಹಾಕುವ ಮುನ್ನ ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಮದ್ದನ್ನೆಲ್ಲ ಅದೇ ಹೀರಿಬಿಡುತ್ತದೆ. ಲೋಚ್, ಮೀಸೆ ಮೀನು, ಟೆಟ್ರಾ ಇರುವ ತೊಟ್ಟಿಗೆ ಬಾಟಲಿಯಲ್ಲಿ ಹೇಳಿದ್ದರ ಅರ್ಧ ಮಾತ್ರ. ಆದರೆ ಬಾಟಲಿಯಲ್ಲಿ ಹೇಳಿದಷ್ಟು ದಿನ, ಚುಕ್ಕೆ ಹೋದ ಮೇಲೂ ಬಿಡದೆ. ಅರ್ಧ ಮದ್ದು, ದುಪ್ಪಟ್ಟು ತಾಳ್ಮೆ. ಕಾವು 30ಕ್ಕೆ ಏರಿಸಿ ಪೂರ್ತಿ ಮದ್ದನ್ನೂ ಹಾಕಬೇಡಿ, ಬಿಸಿ ನೀರಿನಲ್ಲಿ ಮೆಲಾಕೈಟ್ ಗ್ರೀನ್‌ನ ವಿಷ ಹೆಚ್ಚು. ಫಾರ್ಮಲಿನ್ ಬೆರೆತ ಮದ್ದು ಪ್ರಾಣವಾಯುವನ್ನು ಕಡಿಮೆ ಮಾಡುತ್ತದೆ, ಗಾಳಿ ಪಂಪು ನಿಲ್ಲಬಾರದು. ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದನ್ನು ಬಳಸಲೇಬೇಡಿ, ಆ ಗಸಿ ಮೀನಿಗೆ ಘೋರ ವಿಷ.

ಇನ್ನು ನಮ್ಮ ವಿಷಯ. ಮೆಲಾಕೈಟ್ ಗ್ರೀನ್ ಮನುಷ್ಯರಿಗೂ ಒಳ್ಳೆಯದಲ್ಲ. ತಿನ್ನುವ ಮೀನಿಗೆ ಅದನ್ನು ಬಳಸುವುದನ್ನು ಅನೇಕ ದೇಶಗಳಲ್ಲಿ ನಿಷೇಧಿಸಿದ್ದಾರೆ. ಕೈಗವಸು ಹಾಕದೆ ಮುಟ್ಟಬೇಡಿ, ಬಸುರಿಯರು ಆ ಕೆಲಸಕ್ಕೆ ಹೋಗುವುದೇ ಬೇಡ. ತೊಟ್ಟಿಗೆ ಬಳಸುವ ಚೊಂಬು, ಬಕೆಟ್ಟು, ಅಳತೆಯ ಚಮಚ ಬೇರೆಯೇ ಇರಲಿ, ಅಡುಗೆಮನೆಗೆ ಬಾರದಿರಲಿ. ಬಿಳಿ ಚುಕ್ಕೆ ರೋಗ ಮಕ್ಕಳಿಗೆ ಹತ್ತುತ್ತದೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ, ಅದು ಮೀನಿನ ಮೈಯಲ್ಲಲ್ಲದೆ ಬೇರೆಲ್ಲೂ ಬದುಕದು. ಆದರೂ ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯ ನೀರಿಗೆ ಕೈ ಹಾಕಬೇಡಿ, ಬೇರೆ ಸೋಂಕುಗಳುಂಟು.

ಕಣ್ಣಿಗೆ ಕಾಣುವ ಹೇನು

ಪರೋಪಜೀವಿ ಅಂದರೆ ಇದೊಂದೇ ಅಲ್ಲ, ಎಲ್ಲಕ್ಕೂ ಒಂದೇ ಮದ್ದೂ ಅಲ್ಲ. ಶ್ರೀನಿವಾಸಪುರದಲ್ಲಿ ನಮ್ಮ ಅಕ್ಕನ ಮನೆಯಿದೆ. ಮಾವಿನ ತೋಟದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿ ಗೋಲ್ಡ್‌ಫಿಷ್ ಬಿಟ್ಟಿದ್ದಾಳೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಒಣಗಿದ್ದ ಎಷ್ಟೋ ಕೆರೆಗಳಲ್ಲಿ ಮತ್ತೆ ಮೀನಾಡುತ್ತಿವೆ, ಮಕ್ಕಳು ಬಾಟಲಿಯಲ್ಲಿ ಹಿಡಿದು ತರುವ ಆಟವೂ ಮತ್ತೆ ಶುರುವಾಗಿದೆ. ಅಕ್ಕನ ಮೊಮ್ಮಗ ಹಾಗೆ ಕೆರೆಯಿಂದ ತಂದು ಬಿಟ್ಟ ಮೀನಿನ ಜೊತೆ ಮೀನಿನ ಹೇನು ಬಂತು. ಇದು ಬರಿಗಣ್ಣಿಗೇ ಕಾಣುತ್ತದೆ. ಎಳ್ಳುಕಾಳಿನ ಹಾಗೆ ಚಪ್ಪಟೆ, ಮೀನಿನ ಮೈಮೇಲೆ ಹರಿದಾಡುತ್ತದೆ, ಬಿಟ್ಟು ಈಜಿಯೂ ಹೋಗುತ್ತದೆ.

ಭಾವನವರು ಮಾವಿಗೆ ಹೊಡೆಯುವ ಔಷಧಿ ಎರಡು ತೊಟ್ಟು ಹಾಕೋಣವೆಂದರಂತೆ. ಅಕ್ಕ ಬಿಡಲಿಲ್ಲ, ಸದ್ಯ. ಬೆಳೆಗೆ ಹೊಡೆಯುವ ಔಷಧಿ ಹೇನಿನ ಜೊತೆ ಮೀನನ್ನೂ ತೆಗೆಯುತ್ತದೆ, ಆ ನೀರು ಕುಡಿದ ಹಕ್ಕಿ, ದನಗಳಿಗೂ ಅಪಾಯ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮುಟದಿಂದ ಒಂದೊಂದೇ ಹೇನು ತೆಗೆದಳು. ಮೀನುಗಳನ್ನು ಬೇರೆ ಟಬ್ಬಿಗೆ ಹಾಕಿ, ತೊಟ್ಟಿ ಬರಿದು ಮಾಡಿ, ಗೋಡೆಗೆ ಅಂಟಿದ ಮೊಟ್ಟೆಗಳನ್ನು ಉಜ್ಜಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮತ್ತೆ ನೀರು ತುಂಬಿದಳು. ಹೇನಿಗೆ ಕಾವು ಏರಿಸಿದರೆ, ಉಪ್ಪು ಹಾಕಿದರೆ ಸಾಕಾಗದು. ಮೊದಲು ರೋಗದ ಗುರುತು, ಆಮೇಲೆ ಮದ್ದು.

ಬರದಂತೆ ನೋಡಿಕೊಳ್ಳಿ

ಬಿಳಿ ಚುಕ್ಕೆಯ ಹುಳು ಎಲ್ಲ ನೀರಿನಲ್ಲೂ ಇದ್ದೇ ಇರುತ್ತದೆ, ಚಳಿಯಾದರೆ ಏಳುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಮೀನಿಲ್ಲದೆ ಅದು ಬಹಳ ದಿನ ಬದುಕದು. ಹೊಸ ಮೀನು, ಗಿಡ, ಒದ್ದೆ ಬಲೆ, ಇನ್ನೊಂದು ತೊಟ್ಟಿಯ ನೀರು, ಇವುಗಳಲ್ಲಿ ಯಾವುದರ ಜೊತೆಗಾದರೂ ಹೊರಗಿನಿಂದಲೇ ಬರಬೇಕು. ಚಳಿ ಮೀನಿನ ಶಕ್ತಿ ಕುಂದಿಸಿ ಅದಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಒಮ್ಮೆ ಗೆದ್ದ ಮೀನಿಗೆ ಸ್ವಲ್ಪಮಟ್ಟಿಗೆ ತಡೆಯುವ ಶಕ್ತಿಯೂ ಬರುತ್ತದೆ. ನೋಡಲು ಗಟ್ಟಿಮುಟ್ಟಾಗಿರುವ ಅಂಥ ಮೀನಿನ ಕಿವಿರಿನಲ್ಲೂ ಒಂದೆರಡು ಹುಳು ಇರಬಹುದು. ನಮ್ಮ ಗಪ್ಪಿಗಳ ಮೈಮೇಲೆ ಬಂದ ದಿನ ಒಂದು ಚುಕ್ಕೆಯೂ ಇರಲಿಲ್ಲ.

ಹಾಗಾಗಿ ಹೊಸ ಮೀನು ಎಷ್ಟೇ ಚೆನ್ನಾಗಿದ್ದರೂ ನೇರ ತೊಟ್ಟಿಗೆ ಬಿಡಬೇಡಿ. ಒಂದು ಪ್ಲಾಸ್ಟಿಕ್ ಟಬ್ಬು, ಒಂದು ಚಿಕ್ಕ ಸ್ಪಂಜು ಫಿಲ್ಟರು, ಅದಕ್ಕೇ ಮೀಸಲಾದ ಒಂದು ಬಲೆ ಇಟ್ಟುಕೊಳ್ಳಿ. ಮೂರು ನಾಲ್ಕು ವಾರ ಅದರಲ್ಲಿಟ್ಟು ನೋಡಿ. ಬಾಣಂತಿ ಕೋಣೆಗೆ ಯಾರನ್ನೂ ಸುಮ್ಮನೆ ಬಿಡುತ್ತೇವೆಯೇ? ಅಂಗಡಿಯ ಕವರಿನ ನೀರನ್ನು ಗಿಡಕ್ಕೆ ಚೆಲ್ಲಿ, ತೊಟ್ಟಿಗಲ್ಲ. ಬಲೆಯನ್ನು ಬಿಸಿಲಿಗೆ ಒಣಗಿಸಿದರೆ ಅದರಲ್ಲಿ ಹುಳು ಉಳಿಯುವುದಿಲ್ಲ. ಚಳಿಗಾಲಕ್ಕೆ ಒಂದು ಹೀಟರು ಇರಲಿ.

ನಿಮ್ಮ ಮನೆಗೂ ಪ್ರೀತಿಯಿಂದ ಮೀನಿನ ಕವರು ಹಿಡಿದು ಯಾರಾದರೂ ಬರಬಹುದು. ಬರಲಿ, ಆ ಹುಡುಗನನ್ನು ಬಯ್ಯಬೇಡಿ. ದೋಸೆ ಹಾಕಿ ಕೊಡಿ. ಆದರೆ ಟಬ್ಬನ್ನು ಮಾತ್ರ ಬಾಗಿಲ ಹತ್ತಿರವೇ ಇಟ್ಟಿರಿ.